ಕರು ಕೊಟ್ಟು ತಂದ ಲೆನ್ಸು

ಸೆನಾಯ್ದಾ ಚಿಕಾಯ್ಸಾಳಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಹಟ್ಟಿಯಲ್ಲಿ ಹಸುವನ್ನು ಮಾತಾಡಿಸಿದರೆ ಎದುರು ಗುಡ್ಡದವರಿಗೂ ಆ ಹಸುವಿನ ಹೆಸರು ಗೊತ್ತಾಗುತ್ತಿತ್ತು. ನಲವತ್ತೇಳು ವರ್ಷದ ಬದುಕಿನಲ್ಲಿ ಅವಳು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ ಜಾಗ ಒಂದೇ, ಮನೆಯ ಕೆಳಗಿನ ಕೊರಕಲು. ಅಲ್ಲಿ ಮೀಸೆಹಕ್ಕಿ ಇತ್ತು.

ಕೋಳಿಮೊಟ್ಟೆಗೆ ಎರಡು ಉದ್ದ ಕಾಲು ಅಂಟಿಸಿದರೆ ಹೇಗೋ ಹಾಗಿರುವ ಹಕ್ಕಿ. ಬಾಲ ಇಲ್ಲವೆಂದೇ ಹೇಳಬೇಕು. ಕಂದು ಮೈ, ಕೊಕ್ಕಿನ ಎರಡೂ ಕಡೆ ಬಿಳಿ ಮೀಸೆ. ಹಾರುವುದು ಕಡಿಮೆ, ಕುಪ್ಪಳಿಸುವುದೇ ಹೆಚ್ಚು. ಹಗಲಿನಲ್ಲೂ ಕತ್ತಲಿರುವ ಜಾಗ ಬಿಟ್ಟು ಹೊರಗೆ ಬರುವುದಿಲ್ಲ. ಅದನ್ನು ಹೊರಗೆ ಕರೆಯುವುದೇ ಆ ಕಣಿವೆಯ ಗೈಡುಗಳ ಕಸುಬು. ಎರೆಹುಳು ಅಗೆದು, ತೊಳೆದು, ತುಂಡು ಮಾಡಿ, ಪಾಚಿ ಹಿಡಿದ ದಿಮ್ಮಿಯ ಮೇಲಿಟ್ಟು, ಹಕ್ಕಿಗೊಂದು ಹೆಸರಿಟ್ಟು ಕೂಗಬೇಕು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ತಿಂಗಳುಗಟ್ಟಲೆ. ಯಾವತ್ತೋ ಒಂದು ದಿನ ಹಕ್ಕಿ ಬರುತ್ತದೆ. ಸೆನಾಯ್ದಾ ಹದಿನಾಲ್ಕು ತಿಂಗಳು ಕೂಗಿದ್ದಳು. ಅವಳ ಹಕ್ಕಿಯ ಹೆಸರು ಫಿಲೋಮೆನಾ.

ಗಲಾಟೆ ಶುರುವಾದದ್ದು ಫಿಲೋಮೆನಾಳ ಹಿಂದೆ ಒಂದು ಮರಿ ಕುಪ್ಪಳಿಸಿಕೊಂಡು ಬಂದ ಶುಕ್ರವಾರ. ಕಪ್ಪು ತುಪ್ಪುಳಿನ ಮೇಲೆ ದಾಲ್ಚಿನ್ನಿ ಬಣ್ಣದ ಚುಕ್ಕೆಗಳು, ಬಾಯಂಚು ಕಿತ್ತಳೆ. ಕಣಿವೆಯ ಹದಿಮೂರು ಗೈಡುಗಳಲ್ಲಿ ಮೀಸೆಹಕ್ಕಿಯ ಮರಿ ಕಂಡವರು ಒಬ್ಬರೂ ಇರಲಿಲ್ಲ. ಸೆನಾಯ್ದಾ ಫೋನಿನಲ್ಲೇ ಒಂದು ಚಿತ್ರ ಹೊಡೆದಳು. ರಬ್ಬರ್ ಬೂಟನ್ನೂ ಬಿಚ್ಚದೆ ಗೈಡುಗಳ ಸಂಘದ ಸಭೆಗೆ ನುಗ್ಗಿದಳು.

ಫೋನು ಕೈಯಿಂದ ಕೈಗೆ ದಾಟಿತು. ಕೊರಕಲಿನ ಕತ್ತಲಲ್ಲಿ ತೆಗೆದ ಚಿತ್ರ. ಕಪ್ಪಗೆ ಒಂದು ಮುದ್ದೆ ಕಾಣುತ್ತಿತ್ತು, ಅಷ್ಟೆ.

"ಆಲೂಗಡ್ಡೆ ಚೆನ್ನಾಗಿದೆ ಕೊಮಾದ್ರೆ," ಎಂದ ಸಂಘದ ಅಧ್ಯಕ್ಷ ನೆಪ್ತಾಲಿ. "ಬೇಯ್ಸಿದ್ರಾ, ಹಂಗೇ ತಂದ್ರಾ?"

ಸಭೆ ನಕ್ಕಿತು. ನೆಪ್ತಾಲಿ ಅವಳ ಮಗಳನ್ನು ಚರ್ಚಿನಲ್ಲಿ ಎತ್ತಿ ಹಿಡಿದು ಹೆಸರಿಡಿಸಿದವನು. ಆ ನಂಟು ಬಿದ್ದ ಮೇಲೆ ಗಂಡಸು ಕೊಂಪಾದ್ರೆ, ಹೆಂಗಸು ಕೊಮಾದ್ರೆ. ಸಾಯುವ ತನಕ ಬಹುವಚನ ಬಿಡುವ ಹಾಗಿಲ್ಲ. ಹಾಗಾಗಿ ಇಬ್ಬರೂ ಹದಿನೆಂಟು ವರ್ಷಗಳಿಂದ ಬಹಳ ಮರ್ಯಾದೆ ಕೊಟ್ಟು ಬೈದಾಡಿಕೊಂಡು ಬಂದಿದ್ದರು.

"ಬೇಯ್ಸೋದಾದ್ರೆ ನಿಮ್ಮ ತಲೆ ಬೇಯ್ಸ್ತೀನಿ ಕೊಂಪಾದ್ರೆ. ಕಣ್ಣು ಬಿಟ್ಟು ನೋಡಿ. ಮರಿ ಅದು."

"ಹೋದ ವರ್ಷದ ಗೂಬೆನೂ ಹಿಂಗೇ ಇತ್ತಲ್ವಾ?"

ಹೋದ ವರ್ಷ ಸೆನಾಯ್ದಾ ಒಂಬತ್ತು ಜನ ಪ್ರವಾಸಿಗರನ್ನು ಮಳೆಯಲ್ಲಿ ಎರಡು ಗಂಟೆ ನಿಲ್ಲಿಸಿ ಒಂದು ಗೂಬೆ ತೋರಿಸಿದ್ದಳು. ಮಳೆ ನಿಂತು ಬೆಳಕಾದಾಗ ಅದು ಮುರಿದ ಕೊಂಬೆಯಾಗಿತ್ತು. ಊರು ಅದನ್ನು ಮರೆತಿರಲಿಲ್ಲ, ಮರೆಯುವ ಲಕ್ಷಣವೂ ಇರಲಿಲ್ಲ.

ನಗು ನಿಂತ ಮೇಲೆ ನೆಪ್ತಾಲಿ ಗಂಟಲು ಸರಿಮಾಡಿಕೊಂಡ. "ನಗೋದು ಬೇರೆ, ಕೆಲಸ ಬೇರೆ. ಗೈಡು ಕಂಡೆ ಅಂದ್ರೆ ಕಂಡಿರ್ಬೇಕು. ಆ ಒಂದು ಮಾತಿನ ಮೇಲೆ ಇಲ್ಲಿ ಹದಿಮೂರು ಒಲೆ ಉರೀತಿವೆ. ಇದೂ ಸುಳ್ಳಾದ್ರೆ ಬೋರ್ಡಿಂದ ಹೆಸರು ಅಳಿಸ್ತೀವಿ ಕೊಮಾದ್ರೆ. ನಂದಾಗಿದ್ರೂ ಅಳಿಸ್ತಿದ್ದೆ."

ಆ ಬೋರ್ಡು ಇದ್ದದ್ದು ಹೆದ್ದಾರಿಯಿಂದ ಊರಿಗೆ ಒಳದಾರಿ ಹೊರಳುವ ಕಡೆ. ಹದಿಮೂರು ಹೆಸರು, ಕೊನೆಯದು ಅವಳದು. ಐದನೇ ತರಗತಿಗೆ ಶಾಲೆ ಬಿಟ್ಟವಳು ಮುನ್ನೂರು ಹಕ್ಕಿಗಳ ಹೆಸರನ್ನು ಹಾಲು ಕರೆಯುತ್ತಾ ಬಾಯಿಪಾಠ ಮಾಡಿ, ಎರಡು ಸಲ ಪರೀಕ್ಷೆಯಲ್ಲಿ ಬಿದ್ದು, ಮೂರನೇ ಸಲಕ್ಕೆ ಅಲ್ಲಿ ಹೆಸರು ಬರೆಸಿಕೊಂಡಿದ್ದಳು. ಬಸ್ಸಿನಲ್ಲಿ ಹೋಗುವಾಗೆಲ್ಲ ಕಿಟಕಿಯ ಕಡೆಯೇ ಕೂರುತ್ತಿದ್ದಳು, ಅದನ್ನು ಓದಲಿಕ್ಕೆ.

ಅವತ್ತೇ ಸಂಜೆ ಅವಳು ರಾಜಧಾನಿ ಕೀತೋದಲ್ಲಿ ಹಕ್ಕಿಗಳ ದಾಖಲೆ ಪುಸ್ತಕ ಇಟ್ಟುಕೊಂಡಿರುವ ಡಾಕ್ಟರ್ ಪಾಸ್ಮಿನ್ಯೊಗೆ ಫೋನು ಮಾಡಿದಳು. ಮೆತ್ತನೆಯ ದನಿಯ ಮುದುಕ. ಅವಳ ಕಿರುಚಾಟವನ್ನೆಲ್ಲ ಕೇಳಿಸಿಕೊಂಡು, ಹೆಸರಿಗೆ ಮರ್ಯಾದೆಯ ‘ದೋನ್ಯಾ’ ಸೇರಿಸಿ ಹೇಳಿದರು:

"ಗುರುವಾರ ಬೆಳಿಗ್ಗೆ ಬರ್ತೀನಿ ದೋನ್ಯಾ ಸೆನಾಯ್ದಾ. ಆದ್ರೆ ಒಂದು ಮಾತು. ನಾನು ಕಣ್ಣಾರೆ ಕಂಡ್ರೂ ಬರ್ಕೊಳ್ಳಲ್ಲ. ದೊಡ್ಡ ಹಕ್ಕಿ, ಮರಿ, ಎರಡೂ ಒಂದೇ ಚಿತ್ರದಲ್ಲಿ ಇರ್ಬೇಕು. ಬರೀ ಮರಿ ಇದ್ರೆ ಯಾವ ಹಕ್ಕಿದೋ ಏನೋ ಅಂತಾರೆ. ಇನ್ನೊಂದು ವಾರ ಕಳೆದ್ರೆ ಅದರ ಚುಕ್ಕೆ ಉದುರಿ ಹೋಗುತ್ತೆ. ಆಮೇಲೆ ಅದು ಮರಿ ಅಂತ ದೇವರು ಹೇಳಿದ್ರೂ ನಂಬಲ್ಲ."

ಮಾರನೇ ದಿನ ಸೆನಾಯ್ದಾ ಹೆಣ್ಣುಗರು ಕನೇಲಾಳನ್ನು ಹಾಲಿನ ಗಾಡಿಗೆ ಹತ್ತಿಸಿಕೊಂಡು ಸಾಂತೊ ದೊಮಿಂಗೊ ಪೇಟೆಗೆ ಹೋದಳು. ಅಲ್ಲೊಬ್ಬ ಮದುವೆ ಫೋಟೋ ತೆಗೆದು ತೆಗೆದು ಬೇಸತ್ತು ಹಸು ಸಾಕಲು ಹೊರಟಿದ್ದ. ಹೋಗುವಾಗ ಹಗ್ಗದ ತುದಿಯಲ್ಲಿ ಕರು ಇತ್ತು. ಬರುವಾಗ ಚೀಲದಲ್ಲಿ ಒಂದು ಮಿರರ್‌ಲೆಸ್ ಕ್ಯಾಮೆರಾ ಇತ್ತು, ಅದರ ಮೂತಿಗೆ ಒಂದು ಪುಟ್ಟ ಜೂಮ್ ಲೆನ್ಸು.

ಪುಟ್ಟದು ಎಂದರೆ ನಿಜಕ್ಕೂ ಪುಟ್ಟದು. ಒಳಗೆ ಸೇರಿಸಿಟ್ಟರೆ ಕಾಫಿ ಲೋಟದಷ್ಟು. ತಿರುಗಿಸಿದರೆ ಮುಂದಕ್ಕೆ ಚಾಚಿಕೊಂಡು, ಎದುರು ಗುಡ್ಡದಲ್ಲಿ ಮೇಯುವ ಹಸುವಿನ ಕಿವಿಯ ನಂಬರನ್ನು ಓದಿಸುತ್ತಿತ್ತು. ಕೈಯಲ್ಲಿ ಹಿಡಿದರೆ ಒಂದು ಉಂಡೆ ಚೀಸಿನಷ್ಟೂ ಭಾರವಿಲ್ಲ. ಸೆನಾಯ್ದಾ ಅದನ್ನು ಕ್ಯಾಮೆರಾ ಸಮೇತ ಗಂಡನ ಉಣ್ಣೆ ಕಾಲುಚೀಲದೊಳಗೆ ಇಟ್ಟುಕೊಂಡಳು.

ಗಂಡ ಎಫ್ರಾಯಿನ್ ಹೆಚ್ಚು ಮಾತಿನವನಲ್ಲ. ಲೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕನೇಲಾ ಮುಂದೆ ದಿನಕ್ಕೆ ಎಂಟು ಲೀಟರ್ ಕೊಡ್ತಿದ್ಲು," ಎಂದ. "ಇದೆಷ್ಟು ಕೊಡುತ್ತೆ?"

ಬಸ್ ನಿಲ್ದಾಣದಲ್ಲಿ ಸಿಕ್ಕ ನೆಪ್ತಾಲಿಗೆ ಅಷ್ಟು ಸಂಕೋಚವೂ ಇರಲಿಲ್ಲ. "ಕರು ಬಹಳ ಸೊರಗಿದೆ ಕೊಮಾದ್ರೆ. ಎರಡು ಹೊತ್ತು ಮೇವು ಹಾಕಿ." ಅವನ ಲೆನ್ಸು ತೋಳಿನಷ್ಟು ಉದ್ದ, ತೊಡೆಯಷ್ಟು ದಪ್ಪ. ಅದಕ್ಕೆ ಮೂರು ಕಾಲಿನ ಸ್ಟ್ಯಾಂಡು ಬೇರೆ, ಸ್ಟ್ಯಾಂಡಿಗೆ ಹೊದಿಕೆ ಬೇರೆ. ಊರವರು ಅದನ್ನು ಫಿರಂಗಿ ಎನ್ನುತ್ತಿದ್ದರು.

ಭಾನುವಾರ ಲೆನ್ಸು ತಿರುಗಲೇ ಇಲ್ಲ. ಸೆನಾಯ್ದಾ ಎರಡು ಗುಡ್ಡಕ್ಕೆ ಕೇಳುವ ಹಾಗೆ ಆ ಫೋಟೋದವನ ಮೂರು ತಲೆಮಾರನ್ನು ಬೈದಳು. ಬೈಗುಳ ಮುಗಿಯುವ ತನಕ ಕಾದು ಎಫ್ರಾಯಿನ್ ಲೆನ್ಸಿನ ಪಕ್ಕದಲ್ಲಿದ್ದ ಸಣ್ಣ ಗುಂಡಿಯನ್ನು ಉಗುರಿನಿಂದ ಸರಿಸಿದ. ಅದು ಬೀಗ. ಬೀಗ ತೆಗೆದ ಮೇಲೆ ಲೆನ್ಸು ಬೆಣ್ಣೆಯ ಹಾಗೆ ಚಾಚಿತು. ಸೋಮವಾರ ಜಡಿಮಳೆ, ಫಿಲೋಮೆನಾ ಬಂದಳು, ಮರಿ ಬರಲಿಲ್ಲ. ಮಂಗಳವಾರ ಮರಿ ಬಂತು. ಸೆನಾಯ್ದಾಳ ಕೈ ಸಡಗರದಲ್ಲಿ ಲೆನ್ಸನ್ನು ಕೊನೆಯ ತನಕ ಚಾಚಿಬಿಟ್ಟಿತ್ತು. ಮನೆಗೆ ಬಂದು ನೋಡಿದರೆ ಚಿತ್ರದ ತುಂಬ ಒಂದು ಕಣ್ಣು, ಬೇರೇನೂ ಇಲ್ಲ.

ಬುಧವಾರ ಪೂರ್ತಿ ಅಂಗಳದ ಹೇಂಟೆ ಮತ್ತು ಅದರ ಮರಿಗಳ ಮೇಲೆ ಅಭ್ಯಾಸ ಮಾಡಿದಳು. ಮುಂದಕ್ಕೆ ತಿರುಗಿಸಿದರೆ ಒಂದು ಕಣ್ಣು, ಹಿಂದಕ್ಕೆ ತಿರುಗಿಸಿದರೆ ಇಡೀ ಸಂಸಾರ. ಕತ್ತಲಾಗುವ ಹೊತ್ತಿಗೆ ಹೆಬ್ಬೆರಳು ನೋಡದೆಯೇ ಲೆನ್ಸಿನ ಸುತ್ತಲಿನ ಬಳೆಯನ್ನು ತಿರುಗಿಸುತ್ತಿತ್ತು.

*

ಗುರುವಾರ ಐದೂವರೆಗೆ ಡಾಕ್ಟರು ಬಂದಿಳಿದರು. ಮಳೆಯಂಗಿಯ ಒಳಗೆ ಟೈ ಕಟ್ಟಿಕೊಂಡಿದ್ದರು. ಕೊರಳಲ್ಲಿ ಹಳೇ ದುರ್ಬೀನು, ಕೈಯಲ್ಲಿ ಕಪ್ಪು ರಟ್ಟಿನ ಪುಸ್ತಕ. ಹಿಂದೆ ಫಿರಂಗಿ ಹೊತ್ತುಕೊಂಡು ನೆಪ್ತಾಲಿ. ಸೆನಾಯ್ದಾ ಎಲ್ಲರಿಗೂ ನಿಂಬೆಹುಲ್ಲಿನ ಕಷಾಯ, ಬೇಯಿಸಿ ಕುಟ್ಟಿದ ಬಾಳೆಕಾಯಿಯ ಉಂಡೆ ಕೊಟ್ಟಳು.

ನೆಪ್ತಾಲಿ ಚೀಲದಿಂದ ಮಡಚಿದ ಕೆಂಪು ಅಂಗಿಯೊಂದನ್ನು ತೆಗೆದು ಚಾಚಿದ. ತಾನೂ ಅಂಥದ್ದನ್ನೇ ತೊಟ್ಟಿದ್ದ. "ಸಂಘದ ಹೊಸ ಅಂಗಿ ಕೊಮಾದ್ರೆ. ದೊಡ್ಡವರು ಬಂದ ದಿನ ಎಲ್ಲ ಗೈಡೂ ಹಾಕ್ಬೇಕು ಅಂತ ತೀರ್ಮಾನ ಆಗಿದೆ."

ಎದೆಯ ಮೇಲೆ ದಾರದಲ್ಲಿ ಅವಳ ಹೆಸರು ಹೊಲಿದಿತ್ತು. ಸೆನಾಯ್ದಾ ಒಂದು ಗಳಿಗೆ ಬೈಯುವುದನ್ನೇ ಮರೆತಳು. ಹನ್ನೆರಡು ವರ್ಷದಿಂದ ಮೈಮೇಲಿದ್ದ ಮಣ್ಣು ಬಣ್ಣದ ಉಣ್ಣೆ ಪೋಂಚೊ ಹೊದಿಕೆಯನ್ನು ತಲೆಯ ಮೇಲಿಂದ ಎಳೆದು ಬೇಲಿಗೆ ನೇತುಹಾಕಿ ಅಂಗಿ ತೊಟ್ಟಳು.

"ಹೆಸರು ಹೊಲ್ಸಿದ್ದೀರಿ. ಅಳಿಸೋ ಹಂಗಾದ್ರೆ ಇದನ್ನ ಏನ್ ಮಾಡ್ತೀರಿ?"

"ಬಿಚ್ಚಿದ್ರೆ ದಾರ ಬರುತ್ತೆ," ಎಂದ ನೆಪ್ತಾಲಿ. ಆಮೇಲೆ ಅವಳ ಸೊಂಟದಲ್ಲಿ ತೂಗುತ್ತಿದ್ದ ಕಾಲುಚೀಲವನ್ನು ನೋಡಿದ. "ಅದನ್ನ ಮನೇಲೇ ಬಿಡಿ. ಚಿತ್ರ ನಾನು ತೆಗೀತೀನಿ. ನೀವು ಹುಳು ಹಾಕಿ ಸಾಕು."

"ನನ್ನ ಕರು ನನ್ನ ಸೊಂಟದಲ್ಲಿ ಇರುತ್ತೆ ಕೊಂಪಾದ್ರೆ. ನಿಮಗೇನು ಭಾರ?"

"ಯಾರ ಚಿತ್ರ ಆದ್ರೂ ನನಗೆ ಒಂದೇ," ಎಂದರು ಡಾಕ್ಟರು. "ನಡೀರಿ, ಬೆಳಕಾಗ್ತಿದೆ."

ಕೊರಕಲಿಗೆ ಇಳಿಯಲು ಕಾಲು ಗಂಟೆ. ದಿಮ್ಮಿಯಿಂದ ಹತ್ತು ಹೆಜ್ಜೆ ದೂರದಲ್ಲಿ ನೆಪ್ತಾಲಿ ಫಿರಂಗಿ ನಿಲ್ಲಿಸಿ, ಹಕ್ಕಿಯ ಕೂಗು ನುಡಿಸುವ ಪುಟ್ಟ ಸ್ಪೀಕರನ್ನು ಪಕ್ಕದಲ್ಲಿಟ್ಟ. ಅವನ ಬೆನ್ನ ಹಿಂದೆ ಎರಡೇ ಅಡಿ ಸಮನೆಲ, ಆಮೇಲೆ ಜಾರು. ಡಾಕ್ಟರು ಒಂದು ಕಲ್ಲಿನ ಮೇಲೆ ಕೂತರು. ಸೆನಾಯ್ದಾ ಹುಳುಗಳನ್ನು ಪಾಚಿಯ ಮೇಲೆ ಹರಡಿ, ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ ಮಂಡಿಯೂರಿ, ಬೇರೆ ಯಾರಿಗೂ ಕೊಡದ ದನಿಯಲ್ಲಿ ಕರೆದಳು.

"ಫಿಲೋ, ಫಿಲೋಮೆನಾ. ಬಾರೇ ತಾಯಿ. ಬಾರೇ, ಬಾರೇ."

ಆರು ಗಂಟೆಯಾಯಿತು. ಆರೂಕಾಲು. ಬಿಸಿಲು ದಿಮ್ಮಿಯನ್ನು ಮುಟ್ಟುವುದು ಏಳೂವರೆಗೆ. ಬಿಸಿಲು ಬಿದ್ದರೆ ಹಕ್ಕಿ ಆ ದಿನಕ್ಕೆ ಮುಖ ತೋರಿಸುವುದಿಲ್ಲ. ಡಾಕ್ಟರು ನಾಳೆ ಸಮುದ್ರದ ಕಡೆ ಹೊರಟವರು, ಮತ್ತೆ ಇತ್ತ ಬರಲು ತಿಂಗಳಾಗುತ್ತದೆ. ಅಷ್ಟರಲ್ಲಿ ಚುಕ್ಕೆ ಇರುವುದಿಲ್ಲ, ಬೋರ್ಡಿನಲ್ಲಿ ಹೆಸರೂ ಇರುವುದಿಲ್ಲ.

ಆರೂ ಇಪ್ಪತ್ತಕ್ಕೆ ಹೂ, ಹೂ, ಹೂ ಎಂದು ತಗ್ಗಿನ ಸಿಳ್ಳೆ ಕೇಳಿಸಿತು. ಹತ್ತಿರವೇ. ಜರೀಗಿಡದ ಎಲೆ ಅಲುಗಿತು. ಎಲೆಯ ಸಂದಿನಲ್ಲಿ ಒಂದು ದುಂಡು ಕಣ್ಣು ಅವಳನ್ನೇ ನೋಡಿತು. ನೋಡಿ, ಹಿಂದಕ್ಕೆ ಸರಿಯಿತು.

"ಬಾರೇ ತಾಯಿ, ನಾನು ಕಣೇ."

ಆರೂ ಮುಕ್ಕಾಲಿಗೆ ಮತ್ತೆ ಬಂತು, ಮತ್ತೆ ನೋಡಿತು, ಮತ್ತೆ ಹೋಯಿತು. ಹುಳು ಅಲ್ಲೇ ಹೊರಳುತ್ತಿತ್ತು.

ಹಿಂದಿನಿಂದ ನೆಪ್ತಾಲಿ ಪಿಸುಗುಟ್ಟಿದ. "ಪರಿಚಯ ಇಲ್ಲ ಅಂತಿದೆ ಕೊಮಾದ್ರೆ."

ಸೆನಾಯ್ದಾ ತಿರುಗಿ ಅವನನ್ನು ಸುಡುವ ಹಾಗೆ ನೋಡಿದಳು. ನೋಡಿದಾಗ ಕಂಡದ್ದು ಕತ್ತಲಲ್ಲಿ ದಗದಗ ಉರಿಯುತ್ತಿದ್ದ ಅವನ ಕೆಂಪು ಅಂಗಿ. ಅಲ್ಲಿಂದ ಕಣ್ಣು ತನ್ನ ಎದೆಗೆ ಇಳಿಯಿತು. ಮೂರು ಗೇಣಿನ ಕೆಂಪು.

ಅಂಗಿಗೆ ಬಣ್ಣ ಆರಿಸಿದವರು ಯಾರು? ನೆಪ್ತಾಲಿ ಮತ್ತು ಅವನ ಅಕ್ಕಪಕ್ಕದ ತೋಟದವರು. ಅವರದೆಲ್ಲ ಸಕ್ಕರೆ ನೀರು ತೂಗುಹಾಕಿ ಹಮ್ಮಿಂಗ್ ಹಕ್ಕಿಗಳನ್ನು ತೋರಿಸುವ ವ್ಯಾಪಾರ. ಹಮ್ಮಿಂಗ್ ಹಕ್ಕಿ ಕೆಂಪು ಕಂಡರೆ ಮೈಮೇಲೆ ಬಂದು ಬೀಳುತ್ತದೆ. ಕತ್ತಲಲ್ಲಿ ಹುಟ್ಟಿ ಕತ್ತಲಲ್ಲಿ ತಿನ್ನುವ ಫಿಲೋಮೆನಾಳಿಗೆ ಅದು ಉರಿಯುವ ಬೆಂಕಿ. ಹದಿನಾಲ್ಕು ತಿಂಗಳು ಅವಳು ಕಂಡದ್ದು ಸೆನಾಯ್ದಾಳ ಮುಖವನ್ನಲ್ಲ, ಮಣ್ಣು ಬಣ್ಣದ ಒಂದು ಗುಪ್ಪೆಯನ್ನು. ಇವತ್ತು ಆ ಗುಪ್ಪೆ ಬೇಲಿಯ ಮೇಲೆ ತೂಗುತ್ತಿತ್ತು.

ಬೇರೆ ಎಲ್ಲಾದರೂ ಆಗಿದ್ದರೆ ಸೆನಾಯ್ದಾಳ ದನಿಗೆ ಮರದ ಎಲೆ ಉದುರಬೇಕಿತ್ತು. ಇಲ್ಲಿ ಕೂಗುವ ಹಾಗಿಲ್ಲ. ಅವಳು ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬಿಸಿ, ಪಿಸುಮಾತಿನಲ್ಲೇ ಗರ್ಜಿಸಿದಳು.

"ಬಿಚ್ಚಿ."

"ಏನು?"

"ಅಂಗಿ ಬಿಚ್ಚಿ ಕೊಂಪಾದ್ರೆ. ಕೆಂಪು ಕಂಡು ಹೆದರ್ತಿದೆ ಅದು. ನಿಮ್ಮ ಸಕ್ಕರೆ ನೀರಿನ ಬುದ್ಧಿ ತಂದು ಇಲ್ಲಿ ಹಾಕಿದ್ದೀರಿ."

"ಒಳಗೆ ಬನಿಯನ್ ಮಾತ್ರ ಇರೋದು. ಚಳಿ..."

"ಬಿಚ್ಚಿ ದೋನ್ ನೆಪ್ತಾಲಿ," ಎಂದರು ಡಾಕ್ಟರು, ತಮ್ಮ ಕೆಂಪು ಟೈಯನ್ನು ಆಗಲೇ ಬಿಚ್ಚಿ ಜೇಬಿಗೆ ತುರುಕುತ್ತಾ.

ಸೆನಾಯ್ದಾ ತನ್ನದನ್ನು ಕಿತ್ತು ಉಂಡೆ ಮಾಡಿ ಕಲ್ಲಿನ ಕೆಳಗೆ ತುರುಕಿದಳು. "ಪೋಂಚೊ ತರ್ತೀನಿ. ಯಾರೂ ಅಲುಗಾಡ್ಬೇಡಿ. ಆ ಕೂಗೋ ಪೆಟ್ಟಿಗೆ ಮುಟ್ಟಿದ್ರೋ, ನನಗೆ ಬೇರೆ ಕೊಂಪಾದ್ರೆ ಹುಡುಕ್ಕೊಳ್ತೀನಿ."

ಏರು ದಾರಿ. ಕೆಸರು. ಅವಳು ಕೈಕಾಲು ನಾಲ್ಕರಲ್ಲೂ ಹತ್ತಿದಳು. ಬೇರು ಹಿಡಿದಳು, ಬೇರು ಕಿತ್ತು ಬಂತು, ಹುಲ್ಲು ಹಿಡಿದಳು. ಕಾಲುಚೀಲದ ಲೆನ್ಸು ತೊಡೆಗೆ ತಟತಟ ಬಡಿಯುತ್ತಿತ್ತು. ಹುಲ್ಲುಗಾವಲಿಗೆ ಬಂದು ಬೇಲಿ ನೋಡಿದರೆ ಬೇಲಿ ಬರಿದಾಗಿತ್ತು.

"ಎಫ್ರಾಯಿನ್, ಪೋಂಚೊ ಎಲ್ಲೋ?"

ಹಟ್ಟಿಯ ಬಾಗಿಲಲ್ಲಿ ಎಫ್ರಾಯಿನ್ ಮುಖ ಅರಳಿಸಿಕೊಂಡು ನಿಂತಿದ್ದ. "ನೀನು ಆ ಕಡೆ ಇಳಿದೆ, ಇವಳು ಈ ಕಡೆ ಹೆತ್ತಳು. ಹೆಣ್ಣು." ಒಳಗೆ ಹುಲ್ಲಿನ ಮೇಲೆ ಒದ್ದೆಮುದ್ದೆಯಾದ ಕರು ಮಲಗಿತ್ತು. ಅದರ ಮೈಮೇಲೆ ಪೋಂಚೊ ಹೊದಿಸಿತ್ತು. ತಾಯಿ ಹಸು ಕರುವನ್ನೂ ಪೋಂಚೊವನ್ನೂ ಭೇದ ಮಾಡದೆ ನೆಕ್ಕುತ್ತಿತ್ತು.

"ತೆಗಿ ಅದನ್ನ."

"ನಡುಗುತ್ತೆ ಕಣೆ."

"ನಿನ್ನ ಕೋಟು ಹೊದ್ಸು. ಅಲ್ಲಿ ನನ್ನ ಹೆಸರು ಹೋಗ್ತಿದೆ."

ಎಫ್ರಾಯಿನ್ ಕೋಟು ಬಿಚ್ಚಿ ಕರುವಿನ ಮೇಲೆ ಹಾಕಿ, ಪೋಂಚೊ ಎಳೆದುಕೊಟ್ಟ. "ಆದ ಮೇಲೆ ತಕ್ಷಣ ತಂದ್ಕೊಡು," ಎಂದು ಬೆನ್ನಿಗೆ ಹೇಳಿದ. ಅವಳು ಆಗಲೇ ಅರ್ಧ ಗುಡ್ಡ ಇಳಿದಿದ್ದಳು. ಇಳಿದಳು ಎನ್ನುವುದಕ್ಕಿಂತ ಬಿದ್ದಳು ಎನ್ನಬೇಕು, ನಿಲ್ಲುವ ಕಡೆ ಮರ ಹಿಡಿದು ನಿಂತಳು.

ಕೊರಕಲಿನ ಹತ್ತಿರ ಬರುವಾಗ ಹೂ, ಹೂ, ಹೂ ಕೇಳಿಸಿತು. ಎರಡು ಕಡೆಯಿಂದ. ಒಂದು ಜರೀಗಿಡದ ಹಿಂದಿನಿಂದ, ಬೇರೆ ಹಕ್ಕಿ ಬಂತೆಂದು ಸಿಟ್ಟಿನ ಸಿಳ್ಳೆ. ಇನ್ನೊಂದು ನೆಪ್ತಾಲಿಯ ಕೈಯಲ್ಲಿದ್ದ ಸ್ಪೀಕರಿನಿಂದ.

ಅವಳು ಆ ಸ್ಪೀಕರನ್ನು ಕಿತ್ತುಕೊಂಡು ಎರೆಹುಳುವಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಒಳಗೆ ಅದು ಇನ್ನೆರಡು ಸಲ ಹೂ ಎಂದು ಉಸಿರು ನಿಲ್ಲಿಸಿತು.

"ಡಾಕ್ಟ್ರು ಬೇಡ ಅಂದ್ರು," ಎಂದು ನೆಪ್ತಾಲಿ ಬನಿಯನ್ನಿನಲ್ಲಿ ನಡುಗುತ್ತಾ ಪಿಸುಗುಟ್ಟಿದ. "ಹೊತ್ತಾಗ್ತಿತ್ತಲ್ಲ ಅಂತ ನಾನೇ..."

"ಇನ್ನೊಂದು ಮಾತಾಡಿದ್ರೆ ನಿಮ್ಮನ್ನೂ ಅದೇ ಡಬ್ಬೀಲಿ ಹಾಕ್ತೀನಿ ಕೊಂಪಾದ್ರೆ."

ಏಳೂ ಹತ್ತು. ಬಿಸಿಲು ಎದುರು ಬಂಡೆಯ ಅರ್ಧಕ್ಕೆ ಇಳಿದಿತ್ತು. ಸೆನಾಯ್ದಾ ಹಾಲು, ಕರುವಿನ ಲೋಳೆ, ಸಗಣಿ ಎಲ್ಲ ಮೆತ್ತಿದ್ದ ಪೋಂಚೊವನ್ನು ತಲೆಯಿಂದ ಇಳಿಸಿಕೊಂಡಳು. ಮಂಡಿಯೂರಿದಳು. ಪೋಂಚೊದ ಒಳಗಿನಿಂದಲೇ ಕಾಲುಚೀಲ ಬಿಡಿಸಿ ಕ್ಯಾಮೆರಾ ಹಿಡಿದಳು, ಉಗುರಿನಿಂದ ಬೀಗ ಸರಿಸಿ ಲೆನ್ಸನ್ನು ಚಾಚಿದಳು. ಏದುಸಿರು ಹತ್ತಿಕ್ಕಿ ಕರೆದಳು.

"ಫಿಲೋ. ಬಾರೇ ತಾಯಿ. ಇವತ್ತೊಂದು ದಿನ ಬಾರೇ."

ಜರೀಗಿಡ ಅಲುಗಿತು. ಫಿಲೋಮೆನಾ ಹೊರಗೆ ಬಂದು, ಎರಡು ಸಲ ಮೈ ಬಾಗಿಸಿ, ದಿಮ್ಮಿಯ ಮೇಲೆ ಹಾರಿ ನಿಂತಳು.

ನೆಪ್ತಾಲಿಯ ಫಿರಂಗಿ ಟಕಟಕ ಎಂದಿತು. ಹಕ್ಕಿ ಒಂದು ಹುಳು ಹಿಡಿಯಿತು, ನುಂಗಲಿಲ್ಲ. ಎರಡನೆಯದನ್ನೂ, ಮೂರನೆಯದನ್ನೂ ಅದೇ ಕೊಕ್ಕಿಗೆ ಸೇರಿಸಿಕೊಂಡಿತು.

"ಹೊತ್ಕೊಂಡು ಹೋಗ್ತಿದೆ," ಎಂದರು ಡಾಕ್ಟರು, ಉಸಿರಿನಲ್ಲೇ. "ಯಾರಿಗೋ ಕೊಡೋದಿದೆ. ಆದ್ರೆ ಇದು ಸಾಕ್ಷಿ ಅಲ್ಲ."

ಹಕ್ಕಿ ದಿಮ್ಮಿಯಿಂದ ಇಳಿಯಿತು. ಬಂದ ದಾರಿಗೆ ಹೋಗಲಿಲ್ಲ. ಅದು ಕುಪ್ಪಳಿಸಿದ್ದು ಮಣ್ಣು ಬಣ್ಣದ ಗುಪ್ಪೆಯ ಕಡೆಗೆ. ಒಂದು ಹೆಜ್ಜೆ, ಎರಡು, ಮೂರು. ಸೆನಾಯ್ದಾಳ ಮಂಡಿಯ ಮುಂದೆ, ಒಂದೂವರೆ ಮಾರಿನೊಳಗೆ, ಪಾಚಿಯ ಮೇಲೆ ನಿಂತಿತು. ಪಕ್ಕದ ಜರೀಗಿಡದ ಬುಡದಿಂದ ಕಪ್ಪನೆಯ ಒಂದು ಉಂಡೆ ಉರುಳಿಕೊಂಡು ಬಂದು, ಚುಕ್ಕೆ ಚುಕ್ಕೆ ರೆಕ್ಕೆ ಅದುರಿಸಿ, ಕಿತ್ತಳೆ ಬಾಯಿ ತೆರೆಯಿತು.

ಮರಿ.

ಹಿಂದಿನಿಂದ ಝರ್ ಝರ್ ಎಂದು ಸದ್ದು. ಫಿರಂಗಿಯ ಒಳಗಿನ ಗಾಜು ಹಿಂದೆ ಮುಂದೆ ಓಡಾಡುತ್ತಿತ್ತು. ಸೆನಾಯ್ದಾಳ ಬೆನ್ನು ಅಡ್ಡ ಬಂದದ್ದಕ್ಕೆ ನೆಪ್ತಾಲಿ ಸ್ಟ್ಯಾಂಡು ಬಿಟ್ಟು, ಫಿರಂಗಿಯನ್ನು ತೋಳಲ್ಲಿ ಎತ್ತಿಕೊಂಡು ಅವಳ ಪಕ್ಕಕ್ಕೇ ತೆವಳಿ ಬಂದಿದ್ದ. ಅಲ್ಲಿಂದ ಆ ಲೆನ್ಸಿಗೆ ಹಕ್ಕಿ ಬರೀ ಮಂಜು.

"ಹತ್ರ ಆಯ್ತು," ಎಂದು ಅವನು ಅಳುವವನ ಹಾಗೆ ಪಿಸುಗುಟ್ಟಿದ. "ಬಹಳ ಹತ್ರ ಆಯ್ತು. ಇದಕ್ಕೆ ಐದು ಹೆಜ್ಜೆ ದೂರ ಬೇಕು."

ಅವನು ಹಿಂದಕ್ಕೆ ಸರಿದ. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು, ಐದು. ಸಮನೆಲ ಮುಗಿಯಿತು. ಫಿರಂಗಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿಕೊಂಡು ನೆಪ್ತಾಲಿ ಅಂಡಿನ ಮೇಲೆ ಜಾರುತ್ತಾ ಸದ್ದಿಲ್ಲದೆ ಕೆಳಗೆ ಹೋದ. ಅವನ ಹೊಟ್ಟೆಕಿಚ್ಚು, ಅವನ ಕುಹಕ ಏನೇ ಇರಲಿ, ಆ ಮನುಷ್ಯ ಬೀಳುವಾಗಲೂ ಬಾಯಿ ಬಿಡಲಿಲ್ಲ. ಅದು ಗೈಡಿನ ಲಕ್ಷಣ.

ಫಿಲೋಮೆನಾ ಕತ್ತೆತ್ತಿ ಕಲ್ಲಾದಳು. ಮರಿ ಬಾಯಿ ಮುಚ್ಚಿತು. ಸೆನಾಯ್ದಾ ಕಣ್ಣು ಮಿಟುಕಿಸಲಿಲ್ಲ. ಪೋಂಚೊದ ಅಂಚಿನಿಂದ ಕರುವಿನ ಲೋಳೆ ಅವಳ ಮೂಗಿನ ಮೇಲೆ ತೊಟ್ಟಿಕ್ಕಿತು. ಒರೆಸಿಕೊಳ್ಳಲಿಲ್ಲ.

ಗುಪ್ಪೆ ಅಲುಗಲಿಲ್ಲವೆಂದು ಹಕ್ಕಿಗೆ ಧೈರ್ಯ ಬಂತು. ಕತ್ತು ಇಳಿಸಿತು.

ಸೆನಾಯ್ದಾ ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದಳು. ಚೌಕದ ತುಂಬ ಮರಿಯ ಒಂದು ಕಣ್ಣು. ಮಂಗಳವಾರದ್ದೇ ಕಣ್ಣು. ಹೆಬ್ಬೆರಳು ತಾನಾಗಿ ಬಳೆಯನ್ನು ಹಿಂದಕ್ಕೆ ತಿರುಗಿಸಿತು. ಕಣ್ಣು ತಲೆಯಾಯಿತು, ತಲೆ ಮೈಯಾಯಿತು, ಚುಕ್ಕೆಗಳು ಬಂದವು, ಎಡಗಡೆಯಿಂದ ಬಿಳಿ ಮೀಸೆ ಚೌಕದೊಳಗೆ ಸರಿದು ಬಂತು. ಇಡೀ ಸಂಸಾರ. ಬೆಳಕು ಸಾಲದು, ಕೈ ಕೂದಲೆಳೆ ನಡುಗಿದರೂ ಚಿತ್ರ ಕಲಸಿಹೋಗುತ್ತದೆ. ಮೂವತ್ತು ವರ್ಷ ಒದೆಯುವ ಹಸುಗಳ ಕೆಚ್ಚಲು ಹಿಡಿದ ಕೈ ಅದು. ಅವಳು ಉಸಿರು ಬಿಗಿಹಿಡಿದಳು, ಒದೆಯಲು ಕಾಲೆತ್ತಿದ ಹಸುವಿನ ಮುಂದೆ ಹಿಡಿಯುವ ಹಾಗೆ.

ಫಿಲೋಮೆನಾ ಕೊಕ್ಕನ್ನು ಕಿತ್ತಳೆ ಬಾಯೊಳಗೆ ಇಳಿಸಿದಳು. ಸೆನಾಯ್ದಾ ಒತ್ತಿದಳು. ಆ ಕ್ಯಾಮೆರಾ ಸದ್ದು ಮಾಡುವುದಿಲ್ಲ, ಬಿದ್ದಿತೋ ಇಲ್ಲವೋ ತಿಳಿಯದೆ ಒತ್ತಿದಳು, ಒತ್ತುತ್ತಲೇ ಇದ್ದಳು. ಹುಳು ಮುಗಿಯಿತು. ಬಿಸಿಲಿನ ಒಂದು ಎಳೆ ದಿಮ್ಮಿಯ ಮೇಲೆ ಬಿತ್ತು. ಹಕ್ಕಿಯೂ ಇಲ್ಲ, ಮರಿಯೂ ಇಲ್ಲ, ಜರೀಗಿಡ ಮಾತ್ರ ಅಲುಗುತ್ತಿತ್ತು.

ಡಾಕ್ಟರು ಕನ್ನಡಕ ಒರೆಸಿಕೊಂಡು ಅವಳ ಪಕ್ಕ ಕೂತರು. ನೆಪ್ತಾಲಿ ಮೊಣಕೈ ಊರಿಕೊಂಡು ಹತ್ತಿ ಬಂದ. ಸೊಂಟದಿಂದ ಕೆಳಗೆ ಪೂರಾ ಕೆಸರು, ಫಿರಂಗಿಗೆ ಒಂದು ಹನಿ ಸೋಕಿರಲಿಲ್ಲ. ಮೂವರೂ ತಲೆಗೆ ತಲೆ ಹಚ್ಚಿ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆ ನೋಡಿದರು.

ಮೊದಲನೆಯದು ಕಲಸಿತ್ತು. ಎರಡನೆಯದೂ. ಮೂರನೆಯದರಲ್ಲಿ ಫಿಲೋಮೆನಾಳಿಗೆ ತಲೆ ಇರಲಿಲ್ಲ. ನಾಲ್ಕು, ಐದು, ಆರು, ಅದೇ ಕಥೆ.

"ಗೂಬೆ," ಎಂದಳು ಅವಳು ತನಗೇ ಹೇಳಿಕೊಳ್ಳುವಂತೆ.

"ಮುಂದೆ ಹೋಗಿ," ಎಂದ ನೆಪ್ತಾಲಿ. "ಮುಂದೆ ಹೋಗಿ ಕೊಮಾದ್ರೆ."

ಏಳನೆಯದು.

ಡಾಕ್ಟರು ಬೆರಳಿನಿಂದ ಒಂದೊಂದನ್ನೇ ಮುಟ್ಟಿ ತೋರಿಸಿದರು. ಬಿಳಿ ಮೀಸೆ. ದಾಲ್ಚಿನ್ನಿ ಚುಕ್ಕೆ. ಕಿತ್ತಳೆ ಬಾಯಿ. ಒಂದು ತುದಿ ದೊಡ್ಡ ಕೊಕ್ಕಿನಲ್ಲಿ, ಇನ್ನೊಂದು ತುದಿ ಚಿಕ್ಕ ಕೊಕ್ಕಿನಲ್ಲಿ ಇರುವ ಎರೆಹುಳು. ಮರಿಯ ಕಣ್ಣಿನಲ್ಲಿ, ನೋಡಿದರೆ ಕಾಣುವ ಹಾಗೆ, ಮಣ್ಣು ಬಣ್ಣದ ಒಂದು ಗುಪ್ಪೆ ಕೂಡ ಇತ್ತು.

ಅವರು ಕಪ್ಪು ಪುಸ್ತಕ ತೆರೆದು ಪೆನ್ನು ತೆಗೆದರು. "ಮೂವತ್ತೊಂದು ವರ್ಷದಿಂದ ಈ ಪುಸ್ತಕ ಇಟ್ಕೊಂಡಿದ್ದೀನಿ. ಚಿತ್ರ ತೆಗೆದವರು ಯಾರು ಅಂತ ಬರೀಲಿ ದೋನ್ಯಾ?"

"ಸೆನಾಯ್ದಾ ಚಿಕಾಯ್ಸಾ. ಗೈಡು ಅಂತ ಬರೀರಿ."

"ಗೈಡು," ಎಂದು ಹೇಳುತ್ತಲೇ ಅವರು ಬರೆದುಕೊಂಡರು.

ನೆಪ್ತಾಲಿ ಕಲ್ಲಿನ ಕೆಳಗಿಂದ ಅವಳ ಕೆಂಪು ಅಂಗಿಯನ್ನು ಎಳೆದು, ಮಣ್ಣು ಕೊಡವಿ, ಹೆಸರು ಮೇಲೆ ಬರುವ ಹಾಗೆ ಮಡಚಿ ಕೊಟ್ಟ. "ಬೋರ್ಡಿಗೆ ಹೊಸ ಬಣ್ಣ ಹಚ್ಚಿಸ್ಬೇಕು ಅಂತಿದ್ದೆ. ನಿಮ್ಮ ಹೆಸರಿಂದಲೇ ಶುರು ಮಾಡ್ಸ್ತೀನಿ."

"ಮೊದ್ಲು ನಿಮ್ಮ ಚಡ್ಡಿ ತೊಳ್ಕೊಳಿ."

ದಾರಿ ಹತ್ತುವಾಗ ಅವನು ನಾಲ್ಕು ಸಲ ಬಾಯಿ ತೆರೆದು ಮುಚ್ಚಿದ. ಐದನೇ ಸಲಕ್ಕೆ ಕೇಳಿಯೇಬಿಟ್ಟ. "ಆ ಮದುವೆ ಫೋಟೋದವನ ಹತ್ರ ಇಂಥದ್ದು ಇನ್ನೊಂದು ಇದ್ಯಾ ಕೊಮಾದ್ರೆ?"

"ಇದೆ. ಆದ್ರೆ ಈಗ ಅವನಿಗೆ ಹೋರಿ ಬೇಕಂತೆ."

"ಹೋರಿ," ಎಂದು ನೆಪ್ತಾಲಿ ಫಿರಂಗಿಯನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಾಯಿಸಿಕೊಂಡ. ಮನಸ್ಸಿನಲ್ಲಿ ತನ್ನ ಹೋರಿಯನ್ನು ಹಿಂದೆ ಮುಂದೆ ನೋಡುತ್ತಿದ್ದನೆಂದು ಕಾಣುತ್ತದೆ.

ಕಾಡು ಮುಗಿದು ಹುಲ್ಲುಗಾವಲು ಬಂತು. ಮೈಮೇಲೆ ಬಿಸಿಲು ಬಿತ್ತು. ಇಲ್ಲಿ ಯಾವ ಹಕ್ಕಿಗೂ ಹೆದರಬೇಕಾಗಿರಲಿಲ್ಲ. ಬೆಳಗಿನಿಂದ ಎದೆಯಲ್ಲಿ ಅದುಮಿಟ್ಟಿದ್ದ ದನಿಯನ್ನೆಲ್ಲ ಒಟ್ಟು ಮಾಡಿ, ಸೆನಾಯ್ದಾ ಎರಡೂ ಕಾಲು ಅಗಲಿಸಿ ನಿಂತು, ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಕೂಗಿದಳು.

"ಎಫ್ರಾಯಿನ್! ಸಿಕ್ತು ಕಣೋ! ತಾಯಿ, ಮರಿ, ಎರಡೂ!"

ಎದುರು ಗುಡ್ಡದಲ್ಲಿ ಮೇಯುತ್ತಿದ್ದ ಹಸುಗಳು ತಲೆಯೆತ್ತಿದವು. ಕಣಿವೆಯ ಆಚೆ ಯಾರದೋ ನಾಯಿ ಬೊಗಳಿತು. ಡಾಕ್ಟರು ಕಿವಿ ಮುಚ್ಚಿಕೊಂಡು ನಗುತ್ತಿದ್ದರು.

ಹಟ್ಟಿಯ ಕಡೆಯಿಂದ ಎಫ್ರಾಯಿನ್ ಕೂಗಿದ. ಮದುವೆಯಾದ ಇಪ್ಪತ್ತಮೂರು ವರ್ಷದಲ್ಲಿ ಅವನು ಕೂಗಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಇಲ್ಲೂ ತಾಯಿ, ಮರಿ ಎರಡೂ ಇವೆ! ಪೋಂಚೊ ತಾ!"